ಬೇಸ್ ಪೆಟ್ಟಿಗೆ ಎಲ್ಲಿಡಬೇಕು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ಸಾಫ್ಟ್‌ವೇರ್ ಬಗ್ಗೆ ಹತ್ತು ನಿಮಿಷ ಮಾತಾಡಪ್ಪ" ಅಂದಿದ್ದರು. ನಾನು ಊರಿಗೆ ಬಂದಾಗಲೆಲ್ಲ ಜನ ನನ್ನನ್ನು ಸಾಫ್ಟ್‌ವೇರ್ ಬಗ್ಗೆ ಕೇಳುವುದೇ ಇಲ್ಲ. "ಹೊಸ ಹೋಂ ಥಿಯೇಟರ್ ತಂದೀವಿ, ಬೇಸ್ ಸರಿಯಾಗಿ ಬರ್ತಾ ಇಲ್ಲ. ನೀನು ಬಿಇ ಓದಿದವನಲ್ವಾ, ಒಂದ್ಸಲ ಬಂದು ನೋಡು" ಅಂತಾರೆ. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಆದರೆ ನಮ್ಮೂರಲ್ಲಿ ಬಿಇ ಅಂದರೆ ಮಿಕ್ಸಿಯಿಂದ ಮೊಬೈಲ್ ತನಕ ಎಲ್ಲ ಗೊತ್ತಿರಬೇಕು. ಹಾಗಾಗಿ ಇವತ್ತು ಆ ಪ್ರಶ್ನೆಗೇ ಉತ್ತರ ಹೇಳುತ್ತೇನೆ. ಇದಕ್ಕೆ ಬೇಕಾದ ಮುಖ್ಯ ವಿಜ್ಞಾನವನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ, ಇಲ್ಲೇ ಒಂಬತ್ತನೇ ತರಗತಿಯ ಶಬ್ದದ ಪಾಠದಲ್ಲಿ ಕಲಿತೆ. ಸಭೆಯಲ್ಲಿ ಹೇಳಲು ಇದು ನನಗೆ ಹೆಮ್ಮೆ.

ಮೊದಲು ಸಬ್‌ವೂಫರ್ ಅಂದರೆ ಏನು ನೋಡೋಣ. ಹೋಂ ಥಿಯೇಟರ್ ಸೆಟ್ಟಿನಲ್ಲಿ ಸಣ್ಣ ಸ್ಪೀಕರುಗಳ ಜೊತೆ ಒಂದು ದೊಡ್ಡ ಪೆಟ್ಟಿಗೆ ಬರುತ್ತದೆ. ಅಂಗಡಿಯವರು ಅದನ್ನು ಬೇಸ್ ಬಾಕ್ಸ್ ಅಂತಾರೆ. ಸೆಕೆಂಡಿಗೆ ಸುಮಾರು 30 ಸಲದಿಂದ 100, 120 ಸಲದವರೆಗೆ ಕಂಪಿಸುವ ತಗ್ಗಿನ ಶಬ್ದವನ್ನು ಹೊರಡಿಸುವುದಷ್ಟೇ ಅದರ ಕೆಲಸ. ಡೊಳ್ಳಿನ ದೊಡ್ಡ ಪೆಟ್ಟು, ತಮಟೆಯ ಹಿಂದಿನ ಗುಮ್ಮೆನ್ನುವ ನಾದ, ಸಿನಿಮಾದಲ್ಲಿ ಗುಡುಗು, ಇವೆಲ್ಲ ಅದರ ಪಾಲು. ಮನುಷ್ಯನ ಮಾತು, ಕೊಳಲು, ಪಿಟೀಲು ಉಳಿದ ಸ್ಪೀಕರುಗಳ ಪಾಲು.

ಈಗ ಮಕ್ಕಳಿಗೆ ಒಂದು ಲೆಕ್ಕ. ಗಾಳಿಯಲ್ಲಿ ಶಬ್ದದ ವೇಗ ಎಷ್ಟು? 22 ಡಿಗ್ರಿ ಉಷ್ಣತೆಯಲ್ಲಿ ಸೆಕೆಂಡಿಗೆ 344 ಮೀಟರ್. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ. 1000 ಹರ್ಟ್ಜ್ ಶಬ್ದದ ತರಂಗದೂರ 34 ಸೆಂಟಿಮೀಟರ್, ಅಂದರೆ ಒಂದು ಅಡಿ ಚಿಲ್ಲರೆ. 40 ಹರ್ಟ್ಜ್ ಶಬ್ದದ್ದು? 344ನ್ನು 40ರಿಂದ ಭಾಗಿಸಿ. ಎಂಟು ಮೀಟರ್ 60 ಸೆಂಟಿಮೀಟರ್, ಸುಮಾರು 28 ಅಡಿ. ನಮ್ಮ ಮನೆಗಳ ಹಾಲ್ ಅಷ್ಟು ಉದ್ದ ಇರುತ್ತದೆಯೇ? ಇಲ್ಲ. ಅಂದರೆ ಬೇಸಿನ ಒಂದು ಅಲೆ ಪೂರ್ತಿಯಾಗಿ ಮೈಚಾಚಲು ಮನೆಯೊಳಗೆ ಜಾಗವೇ ಇಲ್ಲ. ಸಬ್‌ವೂಫರಿನ ಎಲ್ಲ ತಕರಾರೂ ಇಲ್ಲಿಂದಲೇ ಶುರುವಾಗುತ್ತದೆ.

ನಮ್ಮ ವಿಜ್ಞಾನದ ಮೇಷ್ಟ್ರು ಒಂದು ದಿನ ಬಾವಿಯ ಹಗ್ಗ ತಂದು, ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದ್ದು ನನ್ನ ಬ್ಯಾಚಿನವರಿಗೆ ನೆನಪಿರಬಹುದು. ಒಂದು ಲಯಕ್ಕೆ ಬಂದಾಗ ಹಗ್ಗ ಮುಂದೆ ಓಡುವುದು ನಿಂತು, ಇದ್ದಲ್ಲೇ ಹೊಟ್ಟೆ ಉಬ್ಬಿಸಿ ಕುಣಿಯುತ್ತಿತ್ತು. ಇನ್ನಷ್ಟು ಬೇಗ ಅಲ್ಲಾಡಿಸಿದರೆ ಎರಡು ಹೊಟ್ಟೆ, ನಡುವೆ ಅಲುಗಾಡದ ಒಂದು ಗಂಟು. ಅದೇ ಸ್ಥಾಯಿ ತರಂಗ. ಹೋಗುವ ಅಲೆ ಮತ್ತು ಗೋಡೆಗೆ ಬಡಿದು ಮರಳುವ ಅಲೆ ಸೇರಿ, ಕೆಲವು ಕಡೆ ಒಂದನ್ನೊಂದು ಹೆಚ್ಚಿಸುತ್ತವೆ, ಕೆಲವು ಕಡೆ ಅಳಿಸಿಹಾಕುತ್ತವೆ.

ಕೋಣೆಯ ಗಾಳಿಯೂ ಹೀಗೆಯೇ ಕುಣಿಯುತ್ತದೆ. ಗೋಡೆಯ ಹತ್ತಿರ ಗಾಳಿ ಮುಂದೆ ಹೋಗಲಾರದೆ ಒತ್ತಿಕೊಳ್ಳುತ್ತದೆ, ಆದ್ದರಿಂದ ಅಲ್ಲಿ ಒತ್ತಡದ ಏರಿಳಿತ ಹೆಚ್ಚು. ನಮ್ಮ ಕಿವಿ ಕೇಳುವುದು ಆ ಒತ್ತಡವನ್ನು. ಹಾಗಾಗಿ ಎದುರುಬದುರು ಗೋಡೆಗಳ ಪಕ್ಕ ಬೇಸ್ ಜೋರು, ಸರಿಯಾಗಿ ನಡುಮಧ್ಯೆ ಬಹಳ ಕಡಿಮೆ. ಯಾವ ಆವೃತ್ತಿಯಲ್ಲಿ ಹೀಗಾಗುತ್ತದೆ ಎಂದು ಲೆಕ್ಕ ಹಾಕುವುದು ಸುಲಭ. ಕೋಣೆಯ ಉದ್ದವನ್ನು ಎರಡರಿಂದ ಗುಣಿಸಿ, ಬಂದದ್ದರಿಂದ 344ನ್ನು ಭಾಗಿಸಿ. 14 ಅಡಿ ಉದ್ದದ ಹಾಲ್ ಅಂದರೆ ಸುಮಾರು 4.3 ಮೀಟರ್. ಎರಡರಷ್ಟು 8.6. ಉತ್ತರ 40 ಹರ್ಟ್ಜ್. ಅದರ ಎರಡರಷ್ಟು, ಅಂದರೆ 80 ಹರ್ಟ್ಜಿನಲ್ಲಿ, ಗೋಡೆಗಳ ಪಕ್ಕವೂ ನಡುಮಧ್ಯೆಯೂ ಜೋರು. ಕಾಲು ಭಾಗ ಮತ್ತು ಮುಕ್ಕಾಲು ಭಾಗದಲ್ಲಿ, ಅಂದರೆ ಮೂರೂವರೆ ಅಡಿ ಮತ್ತು ಹತ್ತೂವರೆ ಅಡಿಯಲ್ಲಿ, ಕಡಿಮೆ. ಅಗಲಕ್ಕೂ ಎತ್ತರಕ್ಕೂ ಇದೇ ಲೆಕ್ಕ. 11 ಅಡಿ ಅಗಲಕ್ಕೆ 51 ಹರ್ಟ್ಜ್, 10 ಅಡಿ ಎತ್ತರಕ್ಕೆ 56 ಹರ್ಟ್ಜ್. ಕೋಣೆ ಚೌಕವಾಗಿದ್ದರೆ ಉದ್ದದ ಲೆಕ್ಕವೂ ಅಗಲದ ಲೆಕ್ಕವೂ ಒಂದೇ ಜಾಗಕ್ಕೆ ಬಂದು ಕೂರುತ್ತವೆ, ಒಂದೇ ಸ್ವರ ವಿಪರೀತ ಮೊಳಗುತ್ತದೆ.

ಇದೆಲ್ಲ ಪುಸ್ತಕದ ಮಾತು. ಇದು ನಮ್ಮ ಮನೆಗೆ ಬಂದ ಕತೆ ಹೇಳುತ್ತೇನೆ.

ನಮ್ಮಪ್ಪ ಊರಿನ ಡೊಳ್ಳಿನ ತಂಡದಲ್ಲಿದ್ದದ್ದು ಇಲ್ಲಿರುವ ಹಿರಿಯರಿಗೆಲ್ಲ ಗೊತ್ತು. ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷ ಜಾತ್ರೆಯಲ್ಲಿ ನನ್ನ ಸ್ನೇಹಿತನೊಬ್ಬ ಒಳ್ಳೆಯ ರೆಕಾರ್ಡರ್ ತಂದು ಇಡೀ ರಾತ್ರಿಯ ಡೊಳ್ಳು ಮುದ್ರಿಸಿದ್ದ. ಅಮ್ಮ ಬೆಂಗಳೂರಿಗೆ ನಮ್ಮ ಮನೆಗೆ ಬಂದಾಗ ಅದನ್ನು ಹಾಕಿದೆವು. ಅಂಗಡಿಯ ಹುಡುಗ ಸಬ್‌ವೂಫರನ್ನು ಟಿವಿ ಪಕ್ಕದ ಮೂಲೆಯಲ್ಲಿ ಇಟ್ಟು ಹೋಗಿದ್ದ. ಅಮ್ಮನ ಕುರ್ಚಿ ಫ್ಯಾನಿನ ಕೆಳಗೆ, ಉದ್ದದ ಗೋಡೆಯ ನಟ್ಟನಡುವೆ. ಸ್ವಲ್ಪ ಹೊತ್ತು ಕೇಳಿ ಅಮ್ಮ ಹೇಳಿದ್ದು ಇಷ್ಟು: "ಇದೇನೋ, ತಗಡಿನ ಡಬ್ಬ ಬಡಿದಂಗೆ ಕೇಳ್ತೈತೆ. ನಿಮ್ಮಪ್ಪನ ಡೊಳ್ಳು ಎದಿಗೆ ಬಡೀತಿತ್ತು."

ನನ್ನ ಚಿಕ್ಕಪ್ಪನ ಮಗ ಎದ್ದು ಹೋಗಿ ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸಿದ. ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆಗಳು ಗಣಗಣ ಅಂದವು. ಅಮ್ಮನ ಕುರ್ಚಿಯಲ್ಲಿ ಮಾತ್ರ ಡಬ್ಬದ ಸದ್ದೇ. ಹತ್ತು ನಿಮಿಷಕ್ಕೆ ಕೆಳಗಿನ ಮನೆಯವರು ಮೇಲೆ ಬಂದರು. ಅವರ ಮನೆಯಲ್ಲಿ ಎರಡು ತಿಂಗಳ ಕೂಸು. ಜಗಳಕ್ಕೆ ಬಂದವರಲ್ಲ. "ಹಾಡು ನಮಗೆ ಕೇಳಲ್ಲ ಸಾರ್, ಬರೀ ಗುಂ ಗುಂ ಅನ್ನುತ್ತೆ, ಮಗು ಬೆಚ್ಚಿ ಬೀಳುತ್ತೆ" ಅಂದರು. ಕೇಳಬೇಕಾದವರಿಗೆ ಕೇಳಿಸುತ್ತಿಲ್ಲ, ಕೇಳಬಾರದವರಿಗೆ ಕೇಳಿಸುತ್ತಿದೆ. ಡೊಳ್ಳು ನಿಲ್ಲಿಸಿ ಅಳತೆಯ ಟೇಪ್ ತೆಗೆದುಕೊಂಡೆ. ಹಾಲಿನ ಉದ್ದ 14 ಅಡಿ. ಅಮ್ಮನ ಕುರ್ಚಿ ಏಳನೇ ಅಡಿಯಲ್ಲಿ. 40 ಹರ್ಟ್ಜ್ ಅಳಿಸಿಹೋಗುವ ಗೆರೆಯ ಮೇಲೆ ಅಮ್ಮ ಕೂತಿದ್ದರು.

ಇಲ್ಲಿ ಒಂದು ಮುಖ್ಯ ಮಾತು. ಕೂರುವ ಜಾಗವೇ ಆ ಗೆರೆಯ ಮೇಲಿದ್ದರೆ, ಒಂದೇ ಸಬ್‌ವೂಫರನ್ನು ಎಲ್ಲಿಗೆ ಸರಿಸಿದರೂ ಆ ಸ್ವರ ಅಲ್ಲಿಗೆ ಸರಿಯಾಗಿ ಬಂದು ಮುಟ್ಟುವುದಿಲ್ಲ. ವಾಲ್ಯೂಮ್ ಏರಿಸಿದರೂ ಅಷ್ಟೇ. ಹೋಗುವ ಅಲೆ ದೊಡ್ಡದಾದಷ್ಟೂ ಅದನ್ನು ಅಳಿಸುವ ಅಲೆಯೂ ದೊಡ್ಡದಾಗುತ್ತದೆ. ಸೊನ್ನೆಯನ್ನು ಹತ್ತರಿಂದ ಗುಣಿಸಿದರೂ ಸೊನ್ನೆ ತಾನೇ? ಆದ್ದರಿಂದ ಮೊದಲು ಸರಿಸಬೇಕಾದದ್ದು ಕುರ್ಚಿ, ಪೆಟ್ಟಿಗೆ ಆಮೇಲೆ. ಅಮ್ಮನಿಗೆ ಫ್ಯಾನಿನ ಗಾಳಿ ಬಿಡಲು ಮನಸ್ಸಿಲ್ಲ. ಎರಡೂವರೆ ಅಡಿ ಮಾತ್ರ ಹಿಂದಕ್ಕೆ ಸರಿಸಲು ಒಪ್ಪಿದರು. ಲೆಕ್ಕದಲ್ಲಿ ಅಷ್ಟೇ ಸಾಕು. ಗೋಡೆಯ ಬಳಿ ಇರುವ 40 ಹರ್ಟ್ಜಿನ ಒತ್ತಡದ ಅರ್ಧದಷ್ಟು ಒಂಬತ್ತೂವರೆ ಅಡಿಯಲ್ಲಿ ಸಿಗುತ್ತದೆ. ಇನ್ನೊಂದು ಅಡಿ ಹಿಂದೆ ಹೋಗಿದ್ದರೆ 80 ಹರ್ಟ್ಜ್ ಕೈಕೊಡುತ್ತಿತ್ತು.

ಆಮೇಲೆ ಪೆಟ್ಟಿಗೆಯ ಜಾಗ. ಇದಕ್ಕೆ ಒಂದು ಸೊಗಸಾದ ಉಪಾಯವಿದೆ. ಯಾವ ಖರ್ಚೂ ಇಲ್ಲ, ಮಂಡಿ ಗಟ್ಟಿ ಇದ್ದರೆ ಸಾಕು. ಸಬ್‌ವೂಫರನ್ನು ಎತ್ತಿ ಕೇಳುಗರು ಕೂರುವ ಜಾಗದಲ್ಲೇ ಇಡಿ, ಸಾಧ್ಯವಾದರೆ ಕುರ್ಚಿಯ ಮೇಲೇ. ಬೇಸ್ ಚೆನ್ನಾಗಿರುವ, ನಿಮಗೆ ಬಾಯಿಪಾಠವಾಗಿರುವ ಒಂದು ಹಾಡನ್ನು ಹಾಕಿ. ಈಗ ಪೆಟ್ಟಿಗೆ ಇಡಬಹುದಾದ ಜಾಗಗಳಲ್ಲೆಲ್ಲ ಗೋಡೆಗುಂಟ ಅಂಬೆಗಾಲಿಡುತ್ತ ಹೋಗಿ, ಕಿವಿಯನ್ನು ಪೆಟ್ಟಿಗೆಯ ಎತ್ತರಕ್ಕೆ ತಗ್ಗಿಸಿ ಕೇಳಿ. ಒಂದು ಕಡೆ ಬೇಸ್ ಊದಿಕೊಂಡಂತೆ, ಒಂದು ಕಡೆ ಮಾಯವಾದಂತೆ, ಒಂದು ಕಡೆ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಸಮನಾಗಿ ಕೇಳುತ್ತದೆ. ಆ ಸಮನಾದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಪೆಟ್ಟಿಗೆಯನ್ನು ಅಲ್ಲಿಡಿ, ನೀವು ಕುರ್ಚಿಗೆ ಹೋಗಿ. ನೆಲದ ಮೇಲೆ ಕೇಳಿದ್ದೇ ಈಗ ಕುರ್ಚಿಯಲ್ಲಿ ಕೇಳುತ್ತದೆ.

ಇದು ಹೇಗೆ ಸಾಧ್ಯ? ಶಬ್ದದ ಮೂಲವನ್ನೂ ಕೇಳುವ ಕಿವಿಯನ್ನೂ ಅದಲುಬದಲು ಮಾಡಿದರೂ ಕೇಳುವುದು ಬದಲಾಗುವುದಿಲ್ಲ ಎಂಬ ನಿಯಮವಿದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಜ್ ಮತ್ತು ಇಂಗ್ಲೆಂಡಿನ ಲಾರ್ಡ್ ರೇಲೀ ಇದನ್ನು 19ನೇ ಶತಮಾನದಲ್ಲೇ ವಿವರಿಸಿದ್ದರು. ಆಗ ಸಬ್‌ವೂಫರ್ ಎಂಬ ವಸ್ತುವೇ ಇರಲಿಲ್ಲ. ಮಕ್ಕಳೇ, ಒಳ್ಳೆಯ ನಿಯಮ ಹೀಗೆ ತನಗೆ ಗೊತ್ತಿಲ್ಲದ ಕೆಲಸಕ್ಕೂ ಬರುತ್ತದೆ.

ನಮ್ಮ ಮನೆಯಲ್ಲಿ ಆ ಜಾಗ ಟಿವಿ ಗೋಡೆಯಲ್ಲೇ, ಮೂಲೆಯಿಂದ ಮೂರು ಅಡಿ ಈಚೆಗೆ ಸಿಕ್ಕಿತು. ನಿಮ್ಮ ಮನೆಯಲ್ಲಿ ಬೇರೆ ಕಡೆ ಸಿಗುತ್ತದೆ. ಹಾಗಾಗಿ ನಾನು ಜಾಗವನ್ನು ಹೇಳುವುದಿಲ್ಲ, ಹುಡುಕುವ ದಾರಿಯನ್ನಷ್ಟೇ ಹೇಳುತ್ತೇನೆ. ಆದರೂ ಕೆಲವು ಸೂಚನೆಗಳು ಎಲ್ಲ ಮನೆಗೂ ಹೊಂದುತ್ತವೆ.

ಒಂದು, ಮೂಲೆ. ಮೂಲೆಯಲ್ಲಿಟ್ಟರೆ ಶಬ್ದ ಎಲ್ಲಕ್ಕಿಂತ ಜೋರು. ಎರಡೂ ಗೋಡೆಗಳು ಶಬ್ದವನ್ನು ಕೋಣೆಯೊಳಕ್ಕೆ ತಳ್ಳುತ್ತವೆ. ಗೋಡೆ ಗಟ್ಟಿಯಾಗಿದ್ದರೆ ಒಂದೊಂದು ಗೋಡೆಯಿಂದ 6 ಡೆಸಿಬಲ್‌ವರೆಗೆ ಲಾಭ. ಸಣ್ಣ ಪೆಟ್ಟಿಗೆ, ದೊಡ್ಡ ಹಾಲ್ ಇದ್ದರೆ ಮೂಲೆಯೇ ಒಳ್ಳೆಯದು. ಆದರೆ ಮೂಲೆಯಿಂದ ಕೋಣೆಯ ಎಲ್ಲ ಸ್ಥಾಯಿ ತರಂಗಗಳೂ ಒಟ್ಟಿಗೆ ಎದ್ದು ಕೂರುತ್ತವೆ, ಆದ್ದರಿಂದ ಎಲ್ಲ ಹಾಡೂ ಒಂದೇ ರೀತಿ ಗುಂಯ್ ಅನ್ನುವ ಅಪಾಯವಿದೆ. ಹಾಗಾದರೆ ಒಂದೊಂದೇ ಅಡಿ ಈಚೆಗೆ ತಂದು ನೋಡಿ.

ಎರಡು, ಗೋಡೆಯಿಂದ ದೂರ. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಮೀಟರ್ ಮುಂದೆ ಇಟ್ಟರೆ, ಹಿಂದೆ ಹೋಗಿ ಮರಳಿದ ಅಲೆ ಸುಮಾರು 86 ಹರ್ಟ್ಜಿನಲ್ಲಿ ಮುಂದಿನ ಅಲೆಯನ್ನು ಅಳಿಸುತ್ತದೆ. ಗೋಡೆಗೆ ಹತ್ತಿರ, ಒಂದು ಅಡಿಯೊಳಗೆ ಇದ್ದರೆ ಈ ತೊಂದರೆ ಸಬ್‌ವೂಫರಿನ ವ್ಯಾಪ್ತಿಯಿಂದ ಮೇಲಕ್ಕೆ ಹೋಗುತ್ತದೆ. ಹಿಂಬದಿಯಲ್ಲಿ ಗಾಳಿ ಬಿಡುವ ತೂತು ಇದ್ದರೆ ನಾಲ್ಕು ಬೆರಳಿನಷ್ಟು ಜಾಗ ಬಿಡಿ, ಸಾಕು.

ಮೂರು, ಟಿವಿ ಪಕ್ಕದಲ್ಲೇ ಇರಬೇಕೆಂಬ ಕಟ್ಟಳೆ ಇಲ್ಲ. ನಮ್ಮ ಎರಡು ಕಿವಿಗಳ ನಡುವಿನ ಅಂತರ ಒಂದು ಗೇಣಿಗಿಂತ ಹೆಚ್ಚಿಲ್ಲ. ಹತ್ತಾರು ಅಡಿ ಉದ್ದದ ಅಲೆ ಯಾವ ದಿಕ್ಕಿನಿಂದ ಬಂತೆಂದು ಅಷ್ಟರಲ್ಲಿ ತಿಳಿಯುವುದು ಕಷ್ಟ. 80 ಹರ್ಟ್ಜಿಗಿಂತ ಕೆಳಗಿನ ಶಬ್ದವನ್ನಷ್ಟೇ ಪೆಟ್ಟಿಗೆಗೆ ಕಳಿಸಿದರೆ ಅದು ಸೋಫಾದ ಪಕ್ಕದಲ್ಲಿದ್ದರೂ ನಡೆಯುತ್ತದೆ. ಆದರೆ ಅದರ ಮೇಲೆ ಹೂದಾನಿ, ಫೋಟೋ ಇಡಬೇಡಿ. ಅವು ಗಡಗಡ ಅಂದರೆ ಪೆಟ್ಟಿಗೆ ಎಲ್ಲಿದೆ ಅಂತ ಕಿವಿಗೆ ತಕ್ಷಣ ಗೊತ್ತಾಗುತ್ತದೆ.

ನಾಲ್ಕು, ಹಿಂಬದಿಯ 0 ಮತ್ತು 180 ಎಂಬ ಸ್ವಿಚ್ಚು. ನೀವು ಕುರ್ಚಿಯಲ್ಲಿ ಕೂತು, ಇನ್ನೊಬ್ಬರಿಂದ ಅದನ್ನು ಆ ಕಡೆ ಈ ಕಡೆ ಮಾಡಿಸಿ. ಯಾವುದರಲ್ಲಿ ಬೇಸ್ ತುಂಬಿ ಕೇಳುತ್ತದೋ ಅಲ್ಲಿ ಬಿಡಿ. ಸಣ್ಣ ಸ್ಪೀಕರ್ ಮತ್ತು ಪೆಟ್ಟಿಗೆ ಒಂದೇ ಹೆಜ್ಜೆಯಲ್ಲಿ ಸಾಗುವುದು ಆ ಸ್ಥಾನದಲ್ಲಿ.

ಐದು, ಮೊಟ್ಟೆಯ ಟ್ರೇ ಮತ್ತು ಪರದೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಬೇಸ್ ಸರಿಯಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. 28 ಅಡಿ ಉದ್ದದ ಅಲೆಗೆ ಎರಡು ಇಂಚಿನ ರಟ್ಟು ಲೆಕ್ಕಕ್ಕೇ ಇಲ್ಲ. ನಮ್ಮ ಹಳೆಯ ಹೆಂಚಿನ ಮನೆಗಳಲ್ಲಿ ಬೇಸ್ ಹೆಂಚಿನ ಸಂದಿನಿಂದ, ತೆರೆದ ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು, ಹಾಗಾಗಿ ಊದಿಕೊಳ್ಳುತ್ತಿರಲಿಲ್ಲ. ಈಗಿನ ಆರ್‌ಸಿಸಿ ಮನೆ ಅದನ್ನು ಒಳಗೇ ಹಿಡಿದಿಡುತ್ತದೆ. ಅದೇ ಸೆಟ್ಟು ಹಳೆಮನೆಯಲ್ಲಿ ಚೆನ್ನಾಗಿತ್ತು, ಹೊಸಮನೆಯಲ್ಲಿ ಕೆಟ್ಟಿತು ಅನ್ನುವವರು ಸೆಟ್ಟು ಮಾರುವ ಮುಂಚೆ ಜಾಗ ಬದಲಿಸಿ ನೋಡಿ.

ಮನೆಮಂದಿಯೆಲ್ಲ ಸಾಲಾಗಿ ಕೂತು ಕೇಳುವ ದೊಡ್ಡ ಹಾಲ್ ಇದ್ದರೆ ಒಂದು ದೊಡ್ಡ ಪೆಟ್ಟಿಗೆಗಿಂತ ಎರಡು ಸಾಧಾರಣ ಪೆಟ್ಟಿಗೆ ಮೇಲು. ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಇದನ್ನೇ ಲೆಕ್ಕಹಾಕಿ ಒಂದು ಪ್ರಬಂಧ ಮಂಡಿಸಿದರು. ಆಯತಾಕಾರದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುಮಧ್ಯೆ ಒಂದೊಂದು ಇಟ್ಟರೆ ಒಂದು ಕುರ್ಚಿಗೂ ಇನ್ನೊಂದು ಕುರ್ಚಿಗೂ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ. ಎರಡೂ ಒಟ್ಟಿಗೆ ಕೆಲಸ ಮಾಡಿದಾಗ, ಒಂದು ಎಬ್ಬಿಸುವ ಕೆಲವು ಸ್ಥಾಯಿ ತರಂಗಗಳನ್ನು ಇನ್ನೊಂದು ತಣಿಸುತ್ತದೆ.

ಈಗ ಕೆಳಗಿನ ಮನೆಯ ಕೂಸಿನ ವಿಷಯ. ಶಬ್ದಮಾಲಿನ್ಯ ನಿಯಮಗಳು 2000ರಲ್ಲಿ ಬಂದವು. ಅದರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಮೊಬೈಲಿನಲ್ಲಿ ಅಳೆದು, "ನೋಡ್ರಿ, ಮಿತಿಯೊಳಗೇ ಇದೆ" ಅಂತ ವಾದಿಸುವವರಿದ್ದಾರೆ. ಆದರೆ ಆ ಅಳತೆಯ ಕ್ರಮವೇ ತಗ್ಗಿನ ಶಬ್ದವನ್ನು ಕಡಿಮೆ ಮಾಡಿ ಲೆಕ್ಕ ಹಿಡಿಯುತ್ತದೆ. 40 ಹರ್ಟ್ಜಿನಲ್ಲಿ ಸುಮಾರು 35 ಡೆಸಿಬಲ್ ಕಳೆದುಬಿಡುತ್ತದೆ. ಪರದೆಯ ಮೇಲೆ ಅಂಕಿ ಚಿಕ್ಕದಿರುತ್ತದೆ, ಪಕ್ಕದ ಮನೆಯ ಕಿಟಕಿ ನಡುಗುತ್ತಿರುತ್ತದೆ. ಪೆಟ್ಟಿಗೆಯ ಕೆಳಗೆ ರಬ್ಬರ್ ಇಟ್ಟರೆ ನೆಲದ ಮೂಲಕ ಇಳಿಯುವ ಕಂಪನ ಸ್ವಲ್ಪ ತಗ್ಗಬಹುದು. ಗಾಳಿಯ ಮೂಲಕ ಹೋಗುವುದಕ್ಕೆ ರಬ್ಬರ್ ಅಡ್ಡಿಯಲ್ಲ. ನಿಜವಾದ ಉಪಾಯ ಒಂದೇ: ಕೇಳುವವರಿಗೆ ಚೆನ್ನಾಗಿ ಕೇಳುವಂತೆ ಜಾಗ ಹೊಂದಿಸಿ, ವಾಲ್ಯೂಮ್ ಇಳಿಸುವುದು.

ಆ ದಿನ ಸಂಜೆ ಕುರ್ಚಿಯೂ ಪೆಟ್ಟಿಗೆಯೂ ಜಾಗಕ್ಕೆ ಬಂದ ಮೇಲೆ ಬೇಸ್ ಗುಂಡಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ ಅದೇ ಡೊಳ್ಳು ಹಾಕಿದೆವು. ಅಡುಗೆಮನೆಯ ತಟ್ಟೆ ಸುಮ್ಮನಿದ್ದವು. ನಾನೇ ಕೆಳಗೆ ಹೋಗಿ ಕೇಳಿದೆ, ಕೂಸು ಮಲಗಿತ್ತು. ಮೇಲೆ ಬಂದರೆ ಅಮ್ಮ ಸೆರಗನ್ನು ಬಾಯಿಗೆ ಹಿಡಿದು ಕೂತಿದ್ದರು. ಏನೂ ಹೇಳಲಿಲ್ಲ. ತಂಡದವರು ಗತಿ ಬದಲಿಸುವ ಕಡೆ ಮಾತ್ರ ಬೆರಳು ಎತ್ತಿ, "ಈಗ ನೋಡು, ನಿಮ್ಮಪ್ಪ" ಅಂದರು.

ವಿದ್ಯಾರ್ಥಿಗಳೇ, ಸಾಫ್ಟ್‌ವೇರ್ ಬಗ್ಗೆ ಒಂದು ಮಾತಾದರೂ ಹೇಳದಿದ್ದರೆ ಸಮಿತಿಯವರು ಬೇಸರ ಮಾಡಿಕೊಳ್ಳುತ್ತಾರೆ. ನಮ್ಮ ಕೆಲಸದಲ್ಲೂ ಪದ್ಧತಿ ಇದೇ. ಏನಾದರೂ ಕೆಟ್ಟರೆ ಮೊದಲು ಎಲ್ಲಿ ಕೆಟ್ಟಿದೆ ಎಂದು ಅಳೆಯಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬದಲಿಸಿದ್ದನ್ನು ಬರೆದಿಡಬೇಕು. ಹೊಸದು ಕೊಳ್ಳುವುದು ಕೊನೆಯ ಉಪಾಯ.

ನಮ್ಮ ಬ್ಯಾಚಿನವರು ಸೇರಿ ಶಾಲೆಯ ವಿಜ್ಞಾನ ಕೊಠಡಿಗೆ ಒಂದು ಸಣ್ಣ ಸಬ್‌ವೂಫರ್, ಒಂದು ಅಳತೆಯ ಟೇಪ್ ಮತ್ತು ಒಂದು ಡಬ್ಬ ಸೀಮೆಸುಣ್ಣ ಕೊಡುತ್ತಿದ್ದೇವೆ. ಸಿನಿಮಾ ಹಾಡಿಗೆ ಅಲ್ಲ, ಗುರುಗಳು ಗಾಬರಿಯಾಗಬಾರದು. ಒಂಬತ್ತನೇ ತರಗತಿಯವರು ಕೋಣೆಯ ಉದ್ದ ಅಳೆದು, ಯಾವ ಆವೃತ್ತಿ ಎಲ್ಲಿ ಮಾಯವಾಗಬೇಕೆಂದು ಮೊದಲು ಹಲಗೆಯ ಮೇಲೆ ಲೆಕ್ಕ ಹಾಕಲಿ. ಆಮೇಲೆ ಮೊಬೈಲಿನಿಂದ ಆ ಆವೃತ್ತಿಯನ್ನು ಹೊರಡಿಸಿ, ನಡೆದಾಡಿ, ಶಬ್ದ ಅಡಗುವ ಕಡೆ ನೆಲದ ಮೇಲೆ ಗೆರೆ ಎಳೆಯಲಿ. ಲೆಕ್ಕದ ಗೆರೆಯೂ ಕಿವಿಯ ಗೆರೆಯೂ ಹತ್ತಿರ ಹತ್ತಿರ ಬಂದಾಗ ಆಗುವ ಸಂತೋಷವನ್ನು ಯಾವ ಪಟ್ಟಣದ ಶಾಲೆಯ ಮಕ್ಕಳೂ ನಿಮಗಿಂತ ಹೆಚ್ಚು ಪಡೆಯಲಾರರು. ಅದಕ್ಕೆ ಬೇಕಾದ ಸೂತ್ರ ನಿಮ್ಮ ಪುಸ್ತಕದಲ್ಲೇ ಇದೆ, ಕನ್ನಡದಲ್ಲೇ ಇದೆ.

ಐವತ್ತು ವರ್ಷದಿಂದ ಈ ಶಾಲೆ ನಮ್ಮಂಥವರಿಗೆ ಅಂಥ ಸೂತ್ರಗಳನ್ನು ಕೊಡುತ್ತ ಬಂದಿದೆ. ಅವು ಎಲ್ಲಿ ಕೆಲಸಕ್ಕೆ ಬರುತ್ತವೆಂದು ಕೊಟ್ಟವರಿಗೂ ಗೊತ್ತಿರಲಿಲ್ಲ, ತೆಗೆದುಕೊಂಡ ನಮಗೂ ಗೊತ್ತಿರಲಿಲ್ಲ. ಹಗ್ಗವನ್ನು ಕಿಟಕಿಗೆ ಕಟ್ಟಿದ ಕೈಗಳಿಗೆ ನನ್ನ ನಮಸ್ಕಾರ.  ಊಟದ ಮೇಲೆ ಯಾರಿಗಾದರೂ ಮನೆಯ ಪೆಟ್ಟಿಗೆ ತೋರಿಸಬೇಕಿದ್ದರೆ, ಟೇಪ್ ನನ್ನ ಜೇಬಿನಲ್ಲೇ ಇದೆ.